ಸಾಗೊಲ್ ಸಾರು ಕುಡಿದರೆ ಮುರಿದ ಮೂಳೆ ಬೇಗ ಕೂಡುತ್ತಾ?

ಬುಸಾನ್‌ನಲ್ಲಿ ಓದುತ್ತಿದ್ದೀರಿ, ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ, ಪರಿಚಯದ ಕೊರಿಯನ್ನರೆಲ್ಲ ಸಾಗೊಲ್, ಅಂದರೆ ದನದ ಮೂಳೆ ಸಾರು ಕುಡಿ ಅನ್ನುತ್ತಿದ್ದಾರೆ. ದಿನಕ್ಕೆ ಎಷ್ಟು ಬಟ್ಟಲು, ಮನೆಯಲ್ಲೇ ಕುದಿಸೋದಾ ಪ್ಯಾಕೆಟ್ ತರೋದಾ ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ನನ್ನ ಕಥೆಯೂ ಇದೇ. ಆಗ ನಾನು ಯಾರನ್ನೂ ಕೇಳಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನಿದ್ದಿದ್ದು ದೇಜಾನ್‌ನಲ್ಲಿ. ಜನವರಿ. ರಾತ್ರಿ ಬಿದ್ದ ಹಿಮ ಬೆಳಗ್ಗೆ ಗಾಜಿನ ಹಾಗೆ ಗಟ್ಟಿಯಾಗಿತ್ತು. ಬಸ್ ಸ್ಟಾಪ್ ಹತ್ತಿರ ಜಾರಿದೆ. ಎಡಗಾಲಿನ ಗಿಣ್ಣಿನಲ್ಲಿ ಮೂಳೆ ಮುರಿದಿತ್ತು. ಪ್ಲಾಸ್ಟರ್‌ಗೆ ಕೊರಿಯನ್ನರು ಗಿಪ್ಸ ಅಂತಾರೆ, ನಿಮಗೂ ಈಗ ಗೊತ್ತಾಗಿರುತ್ತೆ. ಡಾಕ್ಟರ್ ಆರು ವಾರ ಅಂದರು, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟರು. ಮಾರ್ಚ್‌ನಲ್ಲಿ ತಂಗಿಯ ಮದುವೆ. ಟಿಕೆಟ್ ಆಗಲೇ ಬುಕ್ ಆಗಿತ್ತು. ಆರು ವಾರ ಅಂದರೆ ಸರಿಹೋಗುತ್ತೆ ಅಂತ ಲೆಕ್ಕ ಹಾಕಿಕೊಂಡೆ.

ಮೂರನೇ ದಿನ ಮನೆ ಒಡತಿ, ಅಜುಮೊನಿ ಅಂತ ಕರೆಯುತ್ತಿದ್ದೆ, ಒಂದು ದೊಡ್ಡ ಪಾತ್ರೆ ಹಿಡಿದು ಬಂದರು. ಮುಚ್ಚಳ ತೆಗೆದರೆ ಹಾಲಿನಷ್ಟು ಬೆಳ್ಳಗಿನ ಸಾರು. ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪು. ಉಪ್ಪೇ ಇಲ್ಲ. ಅಲ್ಲಿ ಪದ್ಧತಿಯೇ ಹಾಗೆ, ಉಪ್ಪು, ಕಾಳುಮೆಣಸಿನ ಪುಡಿ ಉಣ್ಣುವವರೇ ಹಾಕಿಕೊಳ್ಳಬೇಕು. ಸಾಗೊಲ್ ಅಂದರೆ ನಾಲ್ಕು ಮೂಳೆ, ದನದ ನಾಲ್ಕು ಕಾಲಿನ ಮೂಳೆ ಅಂತ ಅವರೇ ಕೈಸನ್ನೆಯಲ್ಲಿ ಹೇಳಿಕೊಟ್ಟರು. ಅದೇ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. "ನಮ್ಮ ಕಾಲು ಸೂಪ್ ಇದ್ದ ಹಾಗೇ ಅಲ್ವೇನೋ, ಬಿಡಬೇಡ, ಕುಡಿ" ಅಂದರು. ಮಂಡ್ಯ ಕಡೆ ಕೈಕಾಲು ಮುರಿದವರಿಗೆ ಮೊದಲು ಕೊಡುವುದೇ ಕಾಲು ಸೂಪ್. ಎರಡು ದೇಶದ ಇಬ್ಬರು ತಾಯಂದಿರು ಒಂದೇ ಮಾತು ಹೇಳಿದ ಮೇಲೆ ಅನುಮಾನ ಎಲ್ಲಿಂದ ಬರಬೇಕು?

ತಪ್ಪು ಮಾಡಿದ್ದು ಇಲ್ಲೇ. ಸಾರು ಕುಡಿದಿದ್ದು ತಪ್ಪಲ್ಲ. ಅದರ ಬಣ್ಣ ನೋಡಿ ಲೆಕ್ಕ ಹಾಕಿದ್ದು ತಪ್ಪು. ಮೂಳೆಯ ಸಾರು, ಹಾಲಿನ ಹಾಗಿದೆ, ಅಂದರೆ ಮೂಳೆಯ ಕ್ಯಾಲ್ಸಿಯಂ ಕರಗಿ ನೀರಿಗಿಳಿದಿದೆ ಅಂದುಕೊಂಡೆ. ಯಾರೂ ಹೇಳಿದ್ದಲ್ಲ, ನಾನೇ ಕಟ್ಟಿಕೊಂಡ ನಂಬಿಕೆ. ಮಾತ್ರೆ ನುಂಗಿದರೆ ಮಲಬದ್ಧತೆ ಆಗುತ್ತಿತ್ತು, ಎರಡನೇ ವಾರಕ್ಕೆ ನಿಲ್ಲಿಸಿದೆ. ಸಾರು ಇದೆಯಲ್ಲ ಅಂತ ಹಾಲು ತರಿಸುವುದು ಬಿಟ್ಟೆ. ಮೊಟ್ಟೆ ಬೇಯಿಸಲು ಒಂಟಿ ಕಾಲಲ್ಲಿ ನಿಲ್ಲಬೇಕಲ್ಲ ಅಂತ ಅದನ್ನೂ ಬಿಟ್ಟೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂದೇ ಊಟ: ಅನ್ನ, ಬಿಳಿ ಸಾರು, ಮೂಲಂಗಿ ಕಿಮ್ಚಿ. ಅಜುಮೊನಿ ಕೊಟ್ಟಿದ್ದು ಮುಗಿದ ಮೇಲೆ ಪ್ಯಾಕೆಟ್ ತರಿಸಿದೆ. ಒನ್‌ರೂಮ್ ಬಿಟ್ಟು ಹೊರಗೆ ಹೋಗಲಿಲ್ಲ, ಬಿಸಿಲೂ ಬೀಳಲಿಲ್ಲ. ಹೀಗೆ ಒಂದು ತಿಂಗಳು.

ಆರನೇ ವಾರ ಎಕ್ಸ್‌ರೇ. ಮುರಿದ ಗೆರೆ ಇನ್ನೂ ಕಾಣುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಏನು ತಿನ್ನುತ್ತಿದ್ದೀರಿ ಅಂತ ಡಾಕ್ಟರ್ ಕೇಳಿದಾಗ ಖುಷಿಯಿಂದ ಸಾಗೊಲ್ ಅಂದೆ. ಅವರು ನಗಲಿಲ್ಲ. ಮತ್ತೆ? ಅಂದರು. ನನ್ನ ಹತ್ತಿರ ಮತ್ತೇನೂ ಇರಲಿಲ್ಲ. ಮಾತ್ರೆ ನುಂಗಿದ್ದರೆ ಖಂಡಿತ ಕೂಡುತ್ತಿತ್ತು ಅಂತ ಅವರು ಹೇಳಲಿಲ್ಲ, ಮೂಳೆ ಕೂಡುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಅದಕ್ಕೆ ಬೇಕಾದ ಸಾಮಾನನ್ನೇ ನಾನು ಒಂದು ತಿಂಗಳು ಕೊಟ್ಟಿರಲಿಲ್ಲ. ಗಿಪ್ಸ ಇನ್ನೊಂದು ತಿಂಗಳು ಮುಂದಕ್ಕೆ ಹೋಯಿತು. ತಂಗಿಯ ಧಾರೆಯನ್ನು ಫೋನಿನ ಪರದೆಯಲ್ಲಿ ನೋಡಿದೆ. ಅಕ್ಷತೆ ಹಾಕುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು.

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆ ಕೇಳಿ ಬೆಳೆದವನು ನಾನು. ಆ ಬಿಳಿ ಎಲ್ಲಿಂದ ಬಂತು ಅಂತ ಆಮೇಲೆ ಕೂತು ಓದಿದೆ. ಮೂಳೆಯಲ್ಲಿರುವ ಕೊಲಾಜೆನ್ ಅನ್ನುವ ಪ್ರೋಟೀನ್ ಗಂಟೆಗಟ್ಟಲೆ ಕುದ್ದು ಜಿಲಾಟಿನ್ ಆಗುತ್ತೆ. ಮಜ್ಜೆಯ ಕೊಬ್ಬು ಕೊತಕೊತ ಕುದಿಯುವ ರಭಸಕ್ಕೆ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತೆ. ಆ ಹನಿಗಳು ಮತ್ತೆ ಸೇರಿಕೊಳ್ಳದ ಹಾಗೆ ಜಿಲಾಟಿನ್ ಹಿಡಿದಿಡುತ್ತೆ. ಬೆಳಕು ಚದುರಿ ನಮಗೆ ಬಿಳಿ ಕಾಣುತ್ತೆ, ಅಷ್ಟೇ. ಕ್ಯಾಲ್ಸಿಯಂ ಬರೀ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಅದು ಮೂಳೆಯಲ್ಲೇ ಉಳಿಯುತ್ತೆ. ಅಜುಮೊನಿ ಮೂರು ಸಲ ಕುದಿಸಿ ಎತ್ತಿಟ್ಟ ಮೂಳೆಯನ್ನು ತಟ್ಟೆಗೆ ಹಾಕಿದರೆ ಇನ್ನೂ ಠಣ್ ಅನ್ನುತ್ತಿತ್ತು. ಒಂದು ಬಟ್ಟಲು ಸಾರಿನ ಕ್ಯಾಲ್ಸಿಯಂ ಒಂದು ಲೋಟ ಹಾಲಿನ ಹತ್ತಿರಕ್ಕೂ ಬರುವುದಿಲ್ಲ.

ಬಿಳಿ ಬಣ್ಣವೇ ಗುಣ ಅನ್ನುವುದನ್ನು ಕೊರಿಯಾದ ಅಡುಗೆಯೇ ಒಪ್ಪುವುದಿಲ್ಲ ನೋಡಿ. ರಾಜಧಾನಿ ಸೋಲ್‌ನ ಸೊಲ್ಲೊಂಗ್‌ತಾಂಗ್ ಅನ್ನುವ ಮೂಳೆ ಸಾರು ಬೆಳ್ಳಗಿರುತ್ತೆ. ದಕ್ಷಿಣದ ನಾಜು ಊರಿನ ಗೊಮ್‌ತಾಂಗ್ ಅನ್ನುವ ಸಾರಿನಲ್ಲಿ ಮಾಂಸವೇ ಮುಖ್ಯ, ಅದು ತಿಳಿಯಾಗಿ ತಳ ಕಾಣುತ್ತೆ, ಅದಕ್ಕೂ ಅಷ್ಟೇ ಮರ್ಯಾದೆ. ಬಣ್ಣ ಬರಲಿ ಅಂತ ಕೆಲವು ಅಂಗಡಿಯವರು ಹಾಲಿನ ಪುಡಿ ಬೆರೆಸುತ್ತಾರೆ ಅನ್ನುವ ಗುಮಾನಿ ಅಲ್ಲಿನವರಿಗೇ ಇದೆ.

ಆದ್ದರಿಂದ ಎಷ್ಟು ಬಟ್ಟಲು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇದು ಔಷಧಿಯಲ್ಲ, ಊಟ. ಒಳ್ಳೆಯ ಊಟ. ಚಳಿಯಲ್ಲಿ, ಬಾಯಿ ರುಚಿ ಕೆಟ್ಟಾಗ ಇದರಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದು ಇನ್ನೊಂದಿಲ್ಲ. ಜಿಲಾಟಿನ್ ಪ್ರೋಟೀನೇ, ಆದರೆ ಅರೆಕೊರೆ ಪ್ರೋಟೀನ್, ದೇಹಕ್ಕೆ ಬೇಕಾದ ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲ ಅದರಲ್ಲಿ ಇಲ್ಲ. ಕುಡಿದ ಕೊಲಾಜೆನ್ ನೆಟ್ಟಗೆ ನಿಮ್ಮ ಕಾಲಿಗೆ ಹೋಗಿ ಅಂಟಿಕೊಳ್ಳುವುದಿಲ್ಲ, ಹೊಟ್ಟೆಯಲ್ಲಿ ಪುಡಿಯಾಗಿಬಿಡುತ್ತೆ. ಸಾರಿನ ಜೊತೆ ಮೊಟ್ಟೆ, ಹಾಲು, ತೋಫು ಇರಲೇಬೇಕು. ಕೊರಿಯನ್ನರು ಮ್ಯೊಲ್ಚಿ ಅನ್ನುವ ಒಣ ಸಣ್ಣ ಮೀನನ್ನು ಸೋಯಾ ಸಾಸ್ ಹಾಕಿ ಹುರಿದು ಮುಳ್ಳು ಸಮೇತ ತಿನ್ನುತ್ತಾರಲ್ಲ, ಮೂಳೆಗೆ ಬೇಕಾದ್ದು ಅದರಲ್ಲಿದೆ. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಊರಿಂದ ಯಾರಾದರೂ ಬರುತ್ತಿದ್ದರೆ ಎರಡು ಕೆಜಿ ಹಿಟ್ಟು ತರಿಸಿಕೊಳ್ಳಿ. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಹೊಟ್ಟೆ ಕಟ್ಟಿದರೆ ಅವರಿಗೇ ಹೇಳಿ, ಬದಲಾಯಿಸಿ ಕೊಡುತ್ತಾರೆ. ನಾನು ನಾಚಿಕೆಗೆ ಹೇಳಲಿಲ್ಲ.

ಇನ್ನು ಮನೆಯಲ್ಲಿ ಕುದಿಸುವ ಮಾತು. ಊರುಗೋಲು ಹಿಡಿದುಕೊಂಡು ದಯವಿಟ್ಟು ಬೇಡ. ಹತ್ತು ಲೀಟರ್ ಕುದಿಯುವ ನೀರಿನ ಪಾತ್ರೆ ಅದು. ಈಗ ಪ್ಯಾಕೆಟ್ಟೇ ಸಾಕು, ಹಿಂಬದಿಯಲ್ಲಿ ಸೋಡಿಯಂ ಎಷ್ಟಿದೆ ನೋಡಿ ತನ್ನಿ, ಮೇಲೆ ಉಪ್ಪು ಸುರಿಯಬೇಡಿ. ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು ಅಂತಾರೆ, ಸಾರು ಮತ್ತು ಕಿಮ್ಚಿ ಸೇರಿದರೆ ಅದು ಬೇಗ ದಾಟುತ್ತೆ.

ಕಾಲು ಸರಿಹೋದ ಮೇಲೆ ಬೇಕಾದರೆ ಮಾಡಿ. ಅಜುಮೊನಿ ಮಾಡುತ್ತಿದ್ದುದು ಹೀಗೆ. ಮೂಳೆಯನ್ನು ಅರ್ಧ ದಿನ ತಣ್ಣೀರಲ್ಲಿ ನೆನೆಹಾಕಿ ರಕ್ತ ಬಿಡಿಸಬೇಕು, ನೀರು ಕೆಂಪಾದಾಗಲೆಲ್ಲ ಬದಲಾಯಿಸಬೇಕು. ಆಮೇಲೆ ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಿ, ಮೂಳೆ, ಪಾತ್ರೆ ಎರಡನ್ನೂ ಉಜ್ಜಿ ತೊಳೆಯಬೇಕು. ಇದನ್ನು ಬಿಟ್ಟರೆ ಸಾರು ನಾರುತ್ತೆ. ಹೊಸ ನೀರಲ್ಲಿ ಆರು ಗಂಟೆ ಕುದಿಸಿ ಬಸಿದು, ಅದೇ ಮೂಳೆಗೆ ಮತ್ತೆ ನೀರು ಹಾಕಿ ಎರಡನೇ ಸಲ, ಮೂರನೇ ಸಲ. ಮೂರನ್ನೂ ಬೆರೆಸಿ ರಾತ್ರಿ ಬಾಲ್ಕನಿಯಲ್ಲಿಡುತ್ತಿದ್ದರು. ಬೆಳಗ್ಗೆ ಮೇಲೆ ಕೊಬ್ಬು ಮೇಣದ ಹಾಗೆ ಹೆಪ್ಪುಗಟ್ಟಿರುತ್ತಿತ್ತು. ಸೌಟಿನ ಅಂಚಿನಿಂದ ತಟ್ಟಿದರೆ ಫಳ್ ಅಂತ ಒಡೆದು ಚಕ್ಕೆ ಚಕ್ಕೆಯಾಗಿ ಬರುತ್ತಿತ್ತು. ಅದನ್ನೆಲ್ಲ ತೆಗೆದು ಎಸೆಯುತ್ತಿದ್ದರು. ಕೆಳಗೆ ಸಾರು ಅಲುಗಾಡುವ ಜೆಲ್ಲಿ.

ನನ್ನ ಎರಡನೇ ಎಕ್ಸ್‌ರೇಯಲ್ಲಿ ಗೆರೆ ಮಾಸಿದ್ದ ದಿನ ಅವರು ಮತ್ತೆ ಅದೇ ಪಾತ್ರೆ ತಂದರು. ಈ ಸಲ ಪಕ್ಕದಲ್ಲಿ ಒಂದು ಡಬ್ಬಿ ಮ್ಯೊಲ್ಚಿಯೂ ಇತ್ತು. ನಾನು ಹಾಲಿನ ಲೋಟ ಪಕ್ಕಕ್ಕಿಟ್ಟು, ಅಮ್ಮ ಕಳಿಸಿದ್ದ ಹಿಟ್ಟಿನಲ್ಲಿ ಮುದ್ದೆ ಕಟ್ಟಿ ಆ ಸಾರಲ್ಲಿ ಅದ್ದಿ ತಿಂದೆ. ಚೆನ್ನಾಗಿರುತ್ತೆ.

ನಿಮ್ಮ ಮುಂದಿನ ಎಕ್ಸ್‌ರೇ ಯಾವತ್ತು? ಹೋದಾಗ ವಿಟಮಿನ್ ಡಿ ಕೂಡ ನೋಡಿ ಅಂತ ಕೇಳಿ.