ದ್ರಾಕ್ಷಿ ಸಾರ್ಬೆ ಫ್ರೀಜರಿನಲ್ಲಿ ಕಲ್ಲಾಗುವುದೇಕೆ?

ಸಾರ್ಬೆ ಎಂದರೆ ಹಾಲಿಲ್ಲದೆ ಹಣ್ಣಿನ ರಸ ಹೆಪ್ಪುಗಟ್ಟಿಸಿ ಮಾಡುವ ತಂಪು ತಿನಿಸು. ವಿಜಯಪುರದ ಕರಿ ದ್ರಾಕ್ಷಿ ಎಷ್ಟೇ ಸಿಹಿ ಇದ್ದರೂ ಅದರ ರಸದಲ್ಲಿ ಸಕ್ಕರೆ ಸುಮಾರು ನೂರಕ್ಕೆ 18 ಪಾಲು, ಉಳಿದದ್ದು ಹೆಚ್ಚುಕಡಿಮೆ ನೀರೇ. ಹಾಗೇ ಇಟ್ಟರೆ ಕಲ್ಲಾಗದೆ ಮತ್ತೇನಾದೀತು? ಒಟ್ಟು ಸಕ್ಕರೆ 25ರಿಂದ 30 ಪಾಲು ಇದ್ದರೆ ಒಂದಿಷ್ಟು ನೀರು ಹೆಪ್ಪುಗಟ್ಟದೆ ಉಳಿದು, ಚಮಚ ಇಳಿಯುತ್ತದೆ.

ಹಣ್ಣನ್ನು ಸಿಪ್ಪೆ ಸಮೇತ ಸಣ್ಣ ಉರಿಯಲ್ಲಿ 5 ನಿಮಿಷ ಬಿಸಿ ಮಾಡಿ, ಹಿಸುಕಿ, ಸೋಸಿ. ಬಣ್ಣ ಇರುವುದೇ ಸಿಪ್ಪೆಯಲ್ಲಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಒಗರು. 1 ಲೀಟರ್ ರಸಕ್ಕೆ 140 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಒಂದು ನಿಂಬೆಹಣ್ಣಿನ ರಸ (ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆ ಸಿಕ್ಕರೆ ಅರ್ಧವೇ ಸಾಕಾದೀತು, ರುಚಿ ನೋಡಿ). ಸಕ್ಕರೆಯ ಹದ ನೋಡಲು ತೊಳೆದ ಹಸಿ ಮೊಟ್ಟೆಯನ್ನು ಈ ರಸದಲ್ಲಿ ಬಿಡಿ; ಅದು ತೇಲಿ, ರೂಪಾಯಿ ನಾಣ್ಯದಷ್ಟು ಭಾಗ ಮೇಲೆ ಕಂಡರೆ ಹದ ಸರಿ. ಮೊಟ್ಟೆ ಮುಟ್ಟದವರು ತೂಕವನ್ನೇ ನಂಬಿ.

ರಸವನ್ನು ಫ್ರಿಜ್ಜಿನಲ್ಲಿ ಪೂರ್ತಿ ತಣ್ಣಗಾಗಿಸಿ, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಎರಡು ಬೆರಳು ಎತ್ತರಕ್ಕೆ ಸುರಿದು ಫ್ರೀಜರಿಗಿಡಿ. ಅಂಚು ಗಟ್ಟಿಯಾದಾಗಲೆಲ್ಲ, ಸುಮಾರು 45 ನಿಮಿಷಕ್ಕೊಮ್ಮೆ, ಫೋರ್ಕಿನಿಂದ ಕೆರೆದು ಕಲಸಿ. ನಾಲ್ಕು ಸಲವಾದರೂ ಬೇಕು. ಇದನ್ನು ಬಿಟ್ಟರೆ ಹರಳು ದೊಡ್ಡದಾಗಿ ಹಲ್ಲಿಗೆ ಕರಕರ. ಆಸೆಗೆ ಬಿದ್ದು ಸಕ್ಕರೆ 250 ಗ್ರಾಂ ದಾಟಿಸಿದರೆ ರಾತ್ರಿಯಿಡೀ ಇಟ್ಟರೂ ಅಂಬಲಿಯ ಹಾಗೇ ಇರುತ್ತದೆ. ಆಗ ಬರೀ ರಸ ಬೆರೆಸಿ ಮತ್ತೆ ಇಡಿ.