ಸೂಟಿಗೆ ಬರುವ ಗಂಡ, ದಿನದ ಸಂಸಾರ

ಪ್ರಶ್ನೆ: ನಾನು ಗೋಕಾಕ ತಾಲ್ಲೂಕಿನವಳು. ಮದುವೆಯಾಗಿ ಆರು ವರ್ಷ, ಮಗನಿಗೆ ಐದು. ಮಿಲಿಟರಿಯಲ್ಲಿರುವ ಗಂಡನಿಗೆ ಈಗ ಪೀಸ್ ಪೋಸ್ಟಿಂಗ್, ಅಂದರೆ ಕುಟುಂಬ ಜೊತೆಗಿರಬಹುದಾದ ಊರು, ಸಿಕ್ಕಿದೆ. ಕ್ವಾರ್ಟರ್ಸ್ ಕೊಡುತ್ತಾರೆ, ಬಾ ಎನ್ನುತ್ತಾರೆ. ಬಿ.ಇಡಿ ಮಾಡಿ ಇಲ್ಲೇ ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಅತ್ತೆಗೆ ಮೊಣಕಾಲು ನೋವು. ಬಿಟ್ಟು ಹೋಗಲಾ? ನಿಜ ಹೇಳಬೇಕೆಂದರೆ, ಗಂಡನ ಜೊತೆ ದಿನಾ ಇರೋದಕ್ಕೇ ಭಯ.

ಉತ್ತರ: ನಿಮ್ಮ ಕೊನೆಯ ಸಾಲೇ ಅಸಲಿ ಪ್ರಶ್ನೆ, ಅಲ್ವಾ?

ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಒಂದು ದಿನವೂ ತಪ್ಪದೆ ಸಿಕ್ಕಿದ್ದರೂ ಆರು ವರ್ಷದಲ್ಲಿ ನೀವು ಜೊತೆಗಿದ್ದದ್ದು ಒಂದೂವರೆ ವರ್ಷ. ಅದೂ ಸೂಟಿಗೆ ಬಂದ ಗಂಡನ ಜೊತೆ. ಹೋಳಿಗೆ ಮಾಡಿದಿರಿ, ಬೀಗರ ಮನೆ ಸುತ್ತಿದಿರಿ. ಸಿಟ್ಟು ಬಂದರೆ, ‘ನಾಳೆ ಹೋಗೋ ಮನುಷ್ಯ, ಸುಮ್ನೆ ಯಾಕೆ’ ಎಂದು ನುಂಗಿಕೊಂಡಿರಿ. ಫೋನಿನಲ್ಲೂ ‘ಎಲ್ಲಾ ಆರಾಮ’ ಎಂದೇ ಹೇಳಿರುತ್ತೀರಿ. ಗ್ಯಾಸ್ ಮುಗಿದ ದಿನ, ಮಗ ಹಟ ಹಿಡಿದ ದಿನ ಈ ಮನುಷ್ಯ ಹೇಗಿರುತ್ತಾರೆ ಅಂತ ನಿಮಗೆ ಗೊತ್ತೇ ಇಲ್ಲ. ಭಯ ಆಗದೆ ಇನ್ನೇನು! ಅವರಿಗೂ ಇರಬಹುದು. ಹೇಳಿರಲಿಕ್ಕಿಲ್ಲ.

ನನ್ನ ಕೇಳಿದರೆ, ಹೋಗಿ. ಪೀಸ್ ಪೋಸ್ಟಿಂಗ್ ಎಂದರೆ ಹೆಚ್ಚೆಂದರೆ ಎರಡು-ಮೂರು ವರ್ಷದ ಮಾತು, ಆಮೇಲೆ ಮತ್ತೆ ಕುಟುಂಬ ಬಿಟ್ಟು ಫೀಲ್ಡ್. ಅಷ್ಟೊತ್ತಿಗೆ ಮಗ ಎಂಟರವನಾಗಿರುತ್ತಾನೆ.

ಆದರೆ ಅವರ ಟ್ರಂಕಿನ ಹಿಂದೆ ಇನ್ನೊಂದು ಸಾಮಾನಾಗಿ ಹೋಗಬೇಡಿ. ಈಗಿನ ಶಾಲೆಯಿಂದ ಅನುಭವ ಪ್ರಮಾಣಪತ್ರ ಕೇಳಿ ತಗೊಳ್ಳಿ. ಆರ್ಮಿ ಪಬ್ಲಿಕ್ ಸ್ಕೂಲ್‌ಗಳಲ್ಲಿ ಟೀಚರ್ ಆಗಲು ಆನ್‌ಲೈನ್ ಪರೀಕ್ಷೆ ಇರುತ್ತದೆ, ಊರಲ್ಲಿದ್ದೇ ಓದಲು ಶುರು ಮಾಡಿ. ಮಗನಿಗೆ ಕೇಂದ್ರೀಯ ವಿದ್ಯಾಲಯ ನೋಡಿ. 1963ರಲ್ಲಿ 20 ರೆಜಿಮೆಂಟಲ್ ಶಾಲೆಗಳಿಂದ ಶುರುವಾದ ವ್ಯವಸ್ಥೆ ಅದು, ವರ್ಗವಾಗುವವರ ಮಕ್ಕಳಿಗೆಂದೇ ಮಾಡಿದ್ದು. ಮುಂದಿನ ಊರಿಗೆ ಹೋದರೂ ಪಾಠ ಅದೇ ಇರುತ್ತದೆ.

ಅತ್ತೆಯ ವಿಷಯ. ನೀವಿಬ್ಬರೂ ತೀರ್ಮಾನ ಮಾಡಿ ಆಮೇಲೆ ಅವರಿಗೆ ಹೇಳುವುದು ಬೇಡ, ಮೊದಲೇ ಕೇಳಿ. ಅವಲಂಬಿತರೆಂದು ಗಂಡನ ದಾಖಲೆಯಲ್ಲಿ ಅವರ ಹೆಸರಿದೆಯಾ? ಇದ್ದರೆ ಬೆಳಗಾವಿಯ ಮಿಲಿಟರಿ ಆಸ್ಪತ್ರೆಯಲ್ಲಿ ತೋರಿಸಬಹುದು. ಇಲ್ಲದಿದ್ದರೆ ಹೆಸರು ಸೇರಿಸುವ ಓಡಾಟ ಅವರ ಮಗನದು, ನಿಮ್ಮದಲ್ಲ. ಸುಗ್ಗಿ ಮುಗಿದ ಮೇಲೆ ಎರಡು ತಿಂಗಳು ಅವರೂ ಬಂದು ಇರಲಿ.

ಇವತ್ತು ಫೋನ್ ಬಂದಾಗ ‘ಆರಾಮ’ ಅನ್ನಬೇಡಿ. ನನಗೆ ಬರೆದ ಆ ಕೊನೆಯ ಸಾಲನ್ನೇ ಅವರಿಗೆ ಹೇಳಿ. ಇನ್ನು ಕ್ವಾರ್ಟರ್ಸ್‌ನಲ್ಲಿ ಮೊದಲ ದಿನ ಹೋಳಿಗೆಗೆ ಬೇಳೆ ಇಡಬೇಡಿ. ರೊಟ್ಟಿ, ಪುಂಡಿಪಲ್ಯ ಸಾಕು. ಪಲ್ಯ ಅವರೇ ಸೋಸಲಿ.