ಆಪ್ತಸಲಹೆ ಪ್ರಕರಣ: ತಮ್ಮ ತಂದ ಕಷಾಯ, ಅಕ್ಕ ಬಿಟ್ಟ ಊಟ

(ಹೆಸರು, ಊರು ಹಾಗೂ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಇಲ್ಲಿ ಗಿರಿಜಮ್ಮ ಎಂದು ಕರೆದಿರುವವರು ಮಲೆನಾಡಿನ 57 ವರ್ಷದ ಗೃಹಿಣಿ. ಕ್ಯಾನ್ಸರ್ ಬಂದಿದ್ದ ಅವರ ಜಠರವನ್ನು ಪೂರ್ತಿಯಾಗಿ ತೆಗೆದು, ಅನ್ನನಾಳವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗಿತ್ತು. ಆಮೇಲಿನ ಕಿಮೋ ಎರಡು ಸುತ್ತು ಮುಗಿದಿದ್ದಾಗ, ‘ಊಟ ಮಾಡುತ್ತಿಲ್ಲ, ಮನಸ್ಸು ಕುಗ್ಗಿದೆ’ ಎಂಬ ವೈದ್ಯರ ಟಿಪ್ಪಣಿಯೊಂದಿಗೆ ಅವರು ನನ್ನ ಬಳಿಗೆ ಬಂದರು. ಕಾಯಿಲೆಗೆ ಮುಂಚೆ 54 ಕೆ.ಜಿ. ಇದ್ದ ತೂಕ 43ಕ್ಕೆ ಇಳಿದಿತ್ತು. ಜೊತೆಯಲ್ಲಿ ಮಗಳೂ ಸೋದರತಮ್ಮನೂ ಬಂದಿದ್ದರು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮಗಳು ತಾಯಿಯ ಒಂದು ದಿನದ ಆಹಾರವನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದರು. ಬೆಳಿಗ್ಗೆ ಆರಕ್ಕೆ ಬೆಲ್ಲ ಹಾಕಿ ಕುದಿಸಿದ ತೊಗಟೆಯ ಕಷಾಯ ಒಂದು ಲೋಟ, ಎಂಟಕ್ಕೆ ಅರ್ಧ ಇಡ್ಲಿ, ಹತ್ತಕ್ಕೆ ಜೇನಿನಲ್ಲಿ ಕಲಸಿದ ಪುಡಿ, ಮಧ್ಯಾಹ್ನ ಎರಡು ತುತ್ತು ಗಂಜಿ, ಸಂಜೆ ಮತ್ತೆ ಒಂದು ಲೋಟ ಕಷಾಯ, ರಾತ್ರಿ ‘ಬೇಡ’. ಆ ಪುಟದಲ್ಲಿ ಮೊಟ್ಟೆ, ಮೀನು, ಹಾಲು, ಮೊಸರು, ಬೇಳೆ ಯಾವುದೂ ಇರಲಿಲ್ಲ. ಕೇಳಿದಾಗ ತಿಳಿದದ್ದೆಂದರೆ, ಸೋದರತಮ್ಮನವರು ದೂರದ ಊರಿನ ನಾಟಿ ವೈದ್ಯರಿಂದ ಔಷಧಿ ತಂದಿದ್ದರು, ಅದರ ಜೊತೆಗೇ ಪಥ್ಯವೂ ಬಂದಿತ್ತು.

ನನ್ನ ಅನುಭವದಲ್ಲಿ, ಇಂಥ ಮನೆಗಳಲ್ಲಿ ಮದ್ದಿಗಿಂತ ಪಥ್ಯ ಮಾಡುವ ಹಾನಿಯೇ ಹೆಚ್ಚು. ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ಪೋಷಣಾ ತಜ್ಞರ ಸಾಮಾನ್ಯ ಲೆಕ್ಕ. ಗಿರಿಜಮ್ಮನವರಿಗೆ ಅದು ಸುಮಾರು 52ರಿಂದ 65 ಗ್ರಾಂ ಆಗುತ್ತದೆ. ಒಂದು ಮೊಟ್ಟೆಯಲ್ಲಿ ಇರುವುದೇ ಸುಮಾರು 6 ಗ್ರಾಂ. ಹೀಗಿರುವಾಗ ಮೊಟ್ಟೆ, ಮೀನು, ಹಾಲು, ಬೇಳೆಗಳನ್ನೆಲ್ಲ ಒಟ್ಟಿಗೆ ಬಿಡಿಸಿದರೆ ಗಾಯ ಮಾಯುವುದಕ್ಕೂ ಕಿಮೋ ತಡೆದುಕೊಳ್ಳುವುದಕ್ಕೂ ದೇಹಕ್ಕೆ ಆಧಾರವೇ ಉಳಿಯುವುದಿಲ್ಲ. ಜಠರವೇ ಇಲ್ಲದವರಿಗೆ ಒಂದು ಹೊತ್ತಿಗೆ ಹಿಡಿಸುವುದೇ ಸ್ವಲ್ಪ. ಆ ಜಾಗವನ್ನೂ ಲೋಟಗಟ್ಟಲೆ ಕಷಾಯ ತುಂಬಿಬಿಟ್ಟರೆ ಊಟ ಸೇರದಿರುವುದು ಸಹಜವೇ ಹೊರತು ಅದನ್ನು ಮನಸ್ಸಿನ ಕುಗ್ಗುವಿಕೆ ಎಂದು ಕರೆಯಲಾಗದು.

ಇನ್ನೊಂದು ಸಂಗತಿಯನ್ನು ಗಿರಿಜಮ್ಮ ತಗ್ಗಿದ ದನಿಯಲ್ಲಿ ಹೇಳಿದರು. ಕಷಾಯ ಕುಡಿದ ಕಾಲು ಗಂಟೆಯಲ್ಲೇ ಎದೆ ಹೊಡೆದುಕೊಳ್ಳುತ್ತಿತ್ತು, ಮೈ ಬೆವರುತ್ತಿತ್ತು, ಹೊಟ್ಟೆ ಹಿಂಡಿ ಭೇದಿಯಾಗುತ್ತಿತ್ತು. ‘ವಿಷ ಹೊರಗೆ ಹೋಗ್ತಾ ಇದೆ ಅಕ್ಕ, ಮದ್ದು ಹಿಡೀತಾ ಇದೆ’ ಎಂದು ತಮ್ಮ ಧೈರ್ಯ ಹೇಳುತ್ತಿದ್ದರಂತೆ. ವೈದ್ಯರು ಇದನ್ನು ಡಂಪಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಜಠರವಿದ್ದಾಗ ಆಹಾರವನ್ನು ತಡೆದು ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಬಿಡುತ್ತದೆ; ಅದಿಲ್ಲದಾಗ ಸಿಹಿ ದ್ರವವೆಲ್ಲ ಒಮ್ಮೆಗೇ ಕರುಳಿಗಿಳಿದು, ರಕ್ತದಲ್ಲಿರುವ ನೀರಿನಂಶವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಕಣ್ಣು ಕತ್ತಲಿಡುವುದೂ ಉಂಟು. ಅಂದರೆ, ಮದ್ದು ಹಿಡಿದ ಗುರುತೆಂದು ಮನೆಯವರು ಸಮಾಧಾನಪಟ್ಟುಕೊಂಡದ್ದು ಬೆಲ್ಲದ ನೀರು ಕೊಡುತ್ತಿದ್ದ ಕಾಟವಾಗಿತ್ತು.

ಮೂವರೊಡನೆಯೂ ಬೇರೆಬೇರೆಯಾಗಿ ಮಾತಾಡಿದೆ. ಗಿರಿಜಮ್ಮನವರಿಗೆ ಕಷಾಯ ಬೇಕಿರಲಿಲ್ಲ. ‘ಅಷ್ಟು ದೂರ ಬಸ್ಸಲ್ಲಿ ಹೋಗಿ ತರ್ತಾನೆ, ಬೇಡ ಅಂದ್ರೆ ನೊಂದ್ಕೊಳ್ತಾನೆ’ ಎಂದು ಕುಡಿಯುತ್ತಿದ್ದರು. ತಮ್ಮನಿಗೆ, ಆಸ್ಪತ್ರೆಯಲ್ಲಿ ಸಹಿ ಹಾಕುವುದನ್ನು ಬಿಟ್ಟು ಅಕ್ಕನಿಗಾಗಿ ಮಾಡಬಹುದಾದ ಕೆಲಸವೆಂದು ಕಂಡದ್ದು ಇದೊಂದೇ. ಮಗಳು ಮಾವನ ಮೇಲಿನ ಸಿಟ್ಟನ್ನು ನುಂಗಿಕೊಂಡಿದ್ದರು, ಆದರೆ ಬೈಗುಳಕ್ಕೆ ಹೆದರಿ ವೈದ್ಯರಿಗೂ ವಿಷಯ ತಿಳಿಸಿರಲಿಲ್ಲ. ಈ ಮುಚ್ಚುಮರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೀಡುಮಾಡಿತು.

ತಮ್ಮನವರಿಗೆ ನಾನು ‘ಗಿಡಮೂಲಿಕೆ ಸುಳ್ಳು’ ಎಂದು ಹೇಳಲಿಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ಜಪಾನಿನಲ್ಲಿ ಜಠರದ ಶಸ್ತ್ರಚಿಕಿತ್ಸೆಯಾದವರ ಹಸಿವು ಹೆಚ್ಚಿಸಲು ರಿಕ್ಕುನ್‌ಶಿಟೊ ಎಂಬ ಎಂಟು ಮೂಲಿಕೆಗಳ ಔಷಧಿಯನ್ನು ಆಸ್ಪತ್ರೆಯ ವೈದ್ಯರೇ ಬರೆದುಕೊಡುವುದುಂಟು. ಅಲ್ಲಿ ಏನು ಕೊಟ್ಟಿದ್ದಾರೆ, ಎಷ್ಟು ಕೊಟ್ಟಿದ್ದಾರೆ ಎಂಬುದು ಚಿಕಿತ್ಸೆ ಮಾಡುವವರಿಗೆ ಗೊತ್ತಿರುತ್ತದೆ. ಹೆಸರಿಲ್ಲದ ಪುಡಿಯಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ: ಭಸ್ಮವಿದ್ದರೆ ಸೀಸ, ಪಾದರಸ ಸೇರಿರಬಹುದು, ಅಮೃತಬಳ್ಳಿ, ಅಶ್ವಗಂಧಗಳಿಂದಲೂ ಕೆಲವರಿಗೆ ಲಿವರ್ ಕೆಟ್ಟದ್ದು ವೈದ್ಯಕೀಯವಾಗಿ ದಾಖಲಾಗಿದೆ. ನಮ್ಮ ಕಡೆ ಕ್ಯಾನ್ಸರಿಗೆಂದು ಹೆಚ್ಚು ಜನ ಕೇಳುವ ಲಕ್ಷ್ಮಣಫಲದಲ್ಲಿ ನರಕೋಶಗಳಿಗೆ ಹಾನಿ ಮಾಡಬಲ್ಲ ಅನೊನಾಸಿನ್ ಎಂಬ ಅಂಶವಿದೆ. ಗಿರಿಜಮ್ಮ ತೆಗೆದುಕೊಳ್ಳುತ್ತಿದ್ದ ಕಿಮೋ ಔಷಧಿ ಆಕ್ಸಾಲಿಪ್ಲಾಟಿನ್ ಕೂಡ ಕೈಕಾಲುಗಳ ನರಗಳಿಗೆ ಜೋಮು ತರುವ ಔಷಧಿಯೇ.

ಅದೇ ದಿನ ಪುಡಿಯ ಪೊಟ್ಟಣ, ತೊಗಟೆ ಎರಡನ್ನೂ ಕ್ಯಾನ್ಸರ್ ವೈದ್ಯರ ಮೇಜಿನ ಮೇಲೆ ಇಡಲು ತಮ್ಮನನ್ನೇ ಕೇಳಿಕೊಂಡೆ. ವೈದ್ಯರು ಬೈಯಲಿಲ್ಲ. ರಕ್ತಪರೀಕ್ಷೆಯಲ್ಲಿ ಲಿವರ್ ಕಿಣ್ವಗಳು ಏರಿದ್ದವು, ಅಂದರೆ ಲಿವರಿಗೆ ತೊಂದರೆಯಾಗಿತ್ತು. ಅದು ಪುಡಿಯಿಂದ ಆದದ್ದೋ ಕಿಮೋದಿಂದಲೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟವೆಂದು ವಿವರಿಸಿ, ಕಿಮೋ ಮುಗಿಯುವವರೆಗೆ ಪುಡಿ, ಕಷಾಯ ಎರಡನ್ನೂ ನಿಲ್ಲಿಸಲು ಹೇಳಿದರು.

ಆಹಾರತಜ್ಞರೊಡನೆ ಕೂತು ಕೊಟ್ಟ ಸಲಹೆ ಹೀಗಿತ್ತು. ಮೂರು ಊಟದ ಬದಲು ದಿನಕ್ಕೆ ಆರೆಂಟು ಸಲ, ಒಂದು ಸಣ್ಣ ಬಟ್ಟಲಿನಷ್ಟು ಮಾತ್ರ, ಚೆನ್ನಾಗಿ ಅಗಿದು ತಿನ್ನಬೇಕು. ಊಟದ ಜೊತೆಗೆ ನೀರು ಬೇಡ, ಅರ್ಧ ಗಂಟೆಯ ಅಂತರವಿರಲಿ. ಪ್ರತಿ ಬಟ್ಟಲಿನಲ್ಲೂ ಮೊದಲ ತುತ್ತು ಪ್ರೋಟೀನಿನದಾಗಲಿ: ಬೇಯಿಸಿದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಗಟ್ಟಿ ಮೊಸರು, ಹೆಸರುಬೇಳೆಯ ತೊವ್ವೆ. ಗಂಜಿ ನೀರಾಗಿರದೆ ಮುದ್ದೆಗಟ್ಟಲಿ, ಮೇಲೊಂದು ಚಮಚ ತುಪ್ಪ ಬೀಳಲಿ. ಬೆಲ್ಲ, ಜೇನು, ಹಣ್ಣಿನ ರಸ ಬೇಡ. ನಾರು ಹೆಚ್ಚಿರುವ ಸೊಪ್ಪಿನ ದಂಟು, ತೊಗಟೆಯ ಪುಡಿ ಕರುಳಿನಲ್ಲಿ ಗಂಟಾಗಿ ಕೂರಬಹುದು. ಅಡುಗೆಗೆ ಹಾಕುವಷ್ಟು ಜೀರಿಗೆ, ಶುಂಠಿ, ಅರಿಶಿನಕ್ಕೆ ಅಡ್ಡಿಯಿಲ್ಲ. ತಿಂದ ಮೇಲೆ ಸ್ವಲ್ಪ ಹೊತ್ತು ದಿಂಬಿಗೆ ಒರಗಿರಲಿ, ಪೂರ್ತಿ ಅಂಗಾತ ಮಲಗುವುದು ಬೇಡ.

ವಿಟಮಿನ್ ಬಿ12 ಇಂಜೆಕ್ಷನ್ನಿನ ವಿಷಯವನ್ನು ಮನೆಯವರು ಹಗುರವಾಗಿ ತೆಗೆದುಕೊಂಡಿದ್ದರು. ಬಿ12 ಮೈಗೆ ಹತ್ತಲು ಬೇಕಾದ ಅಂಶ ತಯಾರಾಗುವುದು ಜಠರದಲ್ಲೇ. ಲಿವರಿನ ದಾಸ್ತಾನು ಕೆಲವು ವರ್ಷ ಸಾಗುವುದರಿಂದ ಕೊರತೆ ತಡವಾಗಿ, ನರಗಳಿಗೆ ಪೆಟ್ಟು ಬೀಳುವ ಹೊತ್ತಿಗೆ ಕಾಣಿಸಿಕೊಳ್ಳಬಹುದು. ಹಾಗಾಗಿ ಇಂಜೆಕ್ಷನ್ ಜೀವಮಾನವಿಡೀ ಬೇಕೆಂದು ಬರೆದುಕೊಟ್ಟು, ಆ ದಿನಾಂಕಗಳ ಹೊಣೆಯನ್ನೂ ವಾರಕ್ಕೊಮ್ಮೆ ತೂಕ ನೋಡಿ ಬರೆಯುವ ಕೆಲಸವನ್ನೂ ತಮ್ಮನಿಗೆ ವಹಿಸಿದೆ. ಮಗಳು ಮೊದಲು ಒಪ್ಪಲಿಲ್ಲ. ‘ನಿಮ್ಮ ಮಾವನನ್ನು ಹೊರಗಿಟ್ಟರೆ ಕಷಾಯ ಹಿತ್ತಲ ಬಾಗಿಲಿನಿಂದ ಬರುತ್ತದೆ’ ಎಂದು ವಿವರಿಸಿದ ಮೇಲೆ ಒಪ್ಪಿದರು.

ಗಿರಿಜಮ್ಮನವರಿಗೆ ಹೇಳಿದ್ದು ಒಂದೇ: ಬೇಡವೆಂದು ತಮ್ಮನಿಗೆ ತಾವೇ ಹೇಳಬೇಕು, ಅದಕ್ಕೆ ನಾನು ಜೊತೆಯಲ್ಲಿರುತ್ತೇನೆ. ಅವರು ಹೇಳಿದರು, ತಮ್ಮ ಅತ್ತರು.

ನಾಲ್ಕನೆಯ ಸುತ್ತಿನ ಹೊತ್ತಿಗೆ ತೂಕ ಇಳಿಯುವುದು ನಿಂತು 44 ಕೆ.ಜಿ. ಆಗಿತ್ತು, ಲಿವರ್ ಕಿಣ್ವಗಳು ಇಳಿದಿದ್ದವು. ಹಾಲು ಇನ್ನೂ ಒಗ್ಗುತ್ತಿಲ್ಲ, ಮೊಸರು ಒಗ್ಗುತ್ತಿದೆ. ಕಿಮೋ ಮುಗಿದ ಮೇಲೆ ಆಯುರ್ವೇದ ತೆಗೆದುಕೊಳ್ಳಬಹುದೇ ಎಂದು ತಮ್ಮ ಕೇಳಿದ್ದಾರೆ. ಪದವಿ ಪಡೆದ ಆಯುರ್ವೇದ ವೈದ್ಯರಿಂದ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದು ಕ್ಯಾನ್ಸರ್ ವೈದ್ಯರಿಗೆ ಮೊದಲು ತೋರಿಸಿ ಎಂದಿದ್ದೇನೆ.